ಸ್ಟೇಷನ್ ಲೆಕ್ಕದಲ್ಲಿ ನಾವು ಎಲ್ಲಿದ್ದೀವಿ?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ)



ಪ್ರತಿ ವರ್ಷ ಈ ದಿನ ಬಾಬಾಸಾಹೇಬರ ಜೀವನದ ಬಗ್ಗೆ ಮಾತಾಡೋದು ನಮ್ಮ ಸಂಘದ ರೂಢಿ. ಈ ಸಲ ಅಣ್ಣಂದಿರು ನನ್ನನ್ನು ಮಾತಾಡು ಅಂದಾಗ ನಾನು ರೈಲ್ವೆ ಸ್ಟೇಷನ್ ಬಗ್ಗೆ ಮಾತಾಡ್ತೀನಿ ಅಂದೆ. ಅಲ್ಲೇ ಕೂತಿದ್ದ ಮಾವ ಒಬ್ಬರು ನಕ್ಕುಬಿಟ್ಟರು. "ಊರಾಗ ರೈಲೇ ಇಲ್ಲ, ರೈಲಿನ ಭಾಷಣ ಏನು ಮಾಡ್ತೀಯಪ್ಪ?" ಅಂದರು. ಅವರು ಹೇಳಿದ್ದು ಸರಿ. ಹಾಲಹರವಿಗೆ ರೈಲಿಲ್ಲ. ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ಹಳಿ ನಂಚರ್ಲ, ಮೊಲಗವಳ್ಳಿ, ಆಸ್ಪರಿ, ಆದೋನಿ, ಕೋಸಗಿ, ಮಂತ್ರಾಲಯಂ ರೋಡ್ ಮೇಲೆ ಹೋಗುತ್ತೆ. ಗುಂತಕಲ್ಲಿನಿಂದ ಬಳ್ಳಾರಿಗೆ ಹೋಗುವ ಹಳಿ ಹಗರಿ ಮೇಲೆ ಹೋಗುತ್ತೆ. ಈ ಎರಡು ಹಳಿಗಳ ನಡುವೆ ನಮ್ಮ ಊರು. ಆದರೆ ಇಲ್ಲಿ ಕೂತಿರೋರನ್ನು ಒಂದು ಮಾತು ಕೇಳ್ತೀನಿ. ನಿಮ್ಮ ಮನೆಯಲ್ಲಿ ರೈಲು ಹತ್ತದೇ ಇರೋರು ಯಾರಾದರೂ ಇದ್ದಾರಾ? ಗುಂಟೂರಿಗೆ ಸುಗ್ಗಿಗೆ ಹೋಗಿದ್ದೀರಿ. ಬೆಂಗಳೂರಿಗೆ, ಹೈದರಾಬಾದಿಗೆ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದೀರಿ. ಊರಿಗೆ ರೈಲು ಬರದೇ ಇದ್ದರೂ ಊರಿನವರು ರೈಲಿಗೆ ಹೋಗೇ ಹೋಗ್ತೀವಿ.

ನಾನು ಈ ವಿಷಯ ಹಿಡಿದದ್ದು ನಮ್ಮವ್ವನಿಂದ. ಅದನ್ನು ಮೊದಲು ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ ಮಳೆ ಕೈಕೊಟ್ಟಿತ್ತು. ನಮ್ಮವ್ವ ಮೆಣಸಿನಕಾಯಿ ಬಿಡಿಸೋಕೆ ಗುಂಟೂರು ಕಡೆ ಹೊರಟಳು. ಗುಂಪಿನಲ್ಲಿ ಹದಿನೆಂಟು ಜನ ದೊಡ್ಡವರು, ಜೊತೆಗೆ ಮಕ್ಕಳು. ಅಕ್ಕಿ ಚೀಲ, ಕೌದಿ, ಪಾತ್ರೆ ಎಲ್ಲಾ ಕಟ್ಟಿಕೊಂಡು ಒಂದೇ ಗಾಡಿಯಲ್ಲಿ ದೊಡ್ಡ ಸ್ಟೇಷನ್ನಿಗೆ ಹೋದರು. ಕಳಿಸಿ ಬರೋಕೆ ನಾನೂ ಹೋಗಿದ್ದೆ. ಮೇಸ್ತ್ರಿ ಎಲ್ಲರ ಹತ್ತಿರ ಟಿಕೆಟ್ ದುಡ್ಡು ಇಸಕೊಂಡ. ತಂದಿದ್ದು ಹತ್ತು ಟಿಕೆಟ್. "ಜನರಲ್ ಬೋಗಿ, ಕಾಲಿಡಾಕ ಜಾಗ ಇರಲ್ಲ, ಯಾರು ಬಂದು ಕೇಳ್ತಾರ?" ಅಂದ. ನಾನು ಸುಮ್ಮನಿದ್ದೆ. ಓದಿದ ಹುಡುಗ ನಾನು, ಅಲ್ಲಿ ಬಾಯಿ ಬಿಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

ನಂದ್ಯಾಲ ದಾಟಿದ ಮೇಲೆ ಟಿಸಿ ಬಂದರು. ನಮ್ಮವ್ವನ ಕೈಯಲ್ಲಿ ಟಿಕೆಟ್ ಇರಲಿಲ್ಲ. ಟಿಕೆಟ್ ಇಲ್ಲದೆ ಸಿಕ್ಕರೆ ಟಿಕೆಟ್ ದುಡ್ಡಿನ ಮೇಲೆ ಕಡಿಮೆ ಅಂದರೂ 250 ರೂಪಾಯಿ ದಂಡ. ಆ ದಂಡವನ್ನು ಮೇಸ್ತ್ರಿ ಅಲ್ಲಿ ಕಟ್ಟಿದ, ಆಮೇಲೆ ಅವ್ವನ ಕೂಲಿ ಲೆಕ್ಕದಲ್ಲಿ ಹಿಡಕೊಂಡ. ಒಂದೇ ಪ್ರಯಾಣಕ್ಕೆ ನಮ್ಮವ್ವ ಎರಡು ಸಲ ದುಡ್ಡು ಕೊಟ್ಟಳು, ಮೇಲೆ ಕಳ್ಳಿ ಅನ್ನಿಸಿಕೊಂಡಳು. ಫೋನಿನಲ್ಲಿ ಅವಳು ಹೇಳಿದ್ದು ದಂಡದ ವಿಷಯ ಅಲ್ಲ. "ಎಲ್ಲರ ಮುಂದ ಎದ್ದು ನಿಂದ್ರಿಸಿದರು" ಅಂದಳು.

ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ಹೋದವರು ಹದಿನೆಂಟು. ಟಿಕೆಟ್ ಹತ್ತು. ಆ ದಿನ ರೈಲ್ವೆಯ ಲೆಕ್ಕದಲ್ಲಿ ಆ ಸ್ಟೇಷನ್ನಿನಿಂದ ನಮ್ಮ ಗುಂಪಿನವರು ಹತ್ತೇ ಜನ ಹೊರಟಿದ್ದು. ಉಳಿದ ಎಂಟು ಜನ ಯಾವ ಪುಸ್ತಕದಲ್ಲೂ ಇಲ್ಲ. ಅಲ್ಲಿಂದ ನನಗೆ ಈ ಸ್ಟೇಷನ್ ಲೆಕ್ಕ ಹೇಗೆ ಮಾಡ್ತಾರೆ ಅನ್ನೋ ಹುಚ್ಚು ಹಿಡೀತು.

ಸ್ಟೇಷನ್ನಿನ ಪ್ರಯಾಣಿಕರ ಸಂಖ್ಯೆ ಅಂದರೆ ಯಾರೋ ಗೇಟಿನಲ್ಲಿ ನಿಂತು ತಲೆ ಎಣಿಸ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಲೆಕ್ಕ ಟಿಕೆಟ್ಟಿನ ಮೇಲೆ. ಅದೂ ಆ ಸ್ಟೇಷನ್ನಿನಿಂದ ಹೊರಟವರ ಲೆಕ್ಕ. 2017ರಲ್ಲಿ ರೈಲ್ವೆಯವರು ದೇಶದ ಎಲ್ಲಾ ಸ್ಟೇಷನ್ನುಗಳನ್ನು ಹೊಸದಾಗಿ ದರ್ಜೆ ಮಾಡಿದರು. ವರ್ಷದ ವರಮಾನ ಎಷ್ಟು, ಅಲ್ಲಿಂದ ಹೊರಟ ಪ್ರಯಾಣಿಕರು ಎಷ್ಟು, ಈ ಎರಡು ನೋಡಿ ದರ್ಜೆ. ಮುಂಬೈ, ಚೆನ್ನೈ ಕಡೆಯ ಲೋಕಲ್ ರೈಲಿನ ಸ್ಟೇಷನ್ನುಗಳದು ಒಂದು ಗುಂಪು. ಉಳಿದ ಸ್ಟೇಷನ್ನುಗಳಿಗೆ ಎನ್‌ಎಸ್‌ಜಿ-1ರಿಂದ ಎನ್‌ಎಸ್‌ಜಿ-6ರ ತನಕ. ಹಾಲ್ಟ್ ಅನ್ನೋ ಚಿಕ್ಕ ನಿಲ್ದಾಣಗಳಿಗೆ ಎಚ್‌ಜಿ-1ರಿಂದ ಎಚ್‌ಜಿ-3. ವರ್ಷಕ್ಕೆ 2 ಕೋಟಿ ಮೇಲೆ ಪ್ರಯಾಣಿಕರು ಅಥವಾ 500 ಕೋಟಿ ಮೇಲೆ ವರಮಾನ ಇದ್ದರೆ ಮೊದಲನೇ ದರ್ಜೆ. ವರ್ಷಕ್ಕೆ 10 ಲಕ್ಷದ ಒಳಗೆ ಪ್ರಯಾಣಿಕರು, 1 ಕೋಟಿಯ ಒಳಗೆ ವರಮಾನ ಅಂದರೆ ಆರನೇ ದರ್ಜೆ. ಎಚ್‌ಜಿ-3 ಅಂದರೆ ವರ್ಷಕ್ಕೆ 1 ಲಕ್ಷದ ಒಳಗೆ. ದಿನಕ್ಕೆ ಭಾಗಿಸಿ ನೋಡಿ, 274 ಜನ.

"ದರ್ಜೆ ಯಾವುದಾದರೇನು, ರೈಲು ನಿಂತರೆ ಸಾಕು" ಅಂತೀರಾ? ದರ್ಜೆ ನೋಡಿಯೇ ಸೌಕರ್ಯ. ಎಷ್ಟು ನಲ್ಲಿ, ಎಷ್ಟು ಪಾಯಖಾನೆ, ಎಷ್ಟು ಟಿಕೆಟ್ ಕೌಂಟರ್, ಪ್ಲಾಟ್‌ಫಾರಂ ಮೇಲೆ ಎಷ್ಟು ನೆರಳು, ಇದಕ್ಕೆಲ್ಲಾ ದರ್ಜೆವಾರು ಪಟ್ಟಿ ಇದೆ. ಇನ್ನು ರೈಲು ನಿಲ್ಲಿಸೋದು. ಯಾವ ಊರಿನವರು ಹೋಗಿ ಸ್ಟಾಪ್ ಕೊಡಿ ಅಂದರೂ ರೈಲ್ವೆಯವರು ಮೊದಲು ನೋಡೋದು ಅಲ್ಲಿ ಹತ್ತೋರು ಸಾಕಷ್ಟು ಇದ್ದಾರಾ ಅಂತ. ಮಗುವಿಗೆ ನೀರು ಕುಡಿಸೋಕೆ ನಲ್ಲಿ ಹುಡುಕೋ ತಾಯಿಗೂ ಈ ಸಂಖ್ಯೆಗೂ ಸಂಬಂಧ ಇದೆ.

ಈ ಲೆಕ್ಕದಲ್ಲಿ ನಾವು ಎಲ್ಲೆಲ್ಲಿ ಬಿಟ್ಟುಹೋಗ್ತೀವಿ ನೋಡಿ.

ಒಂದು, ಟಿಕೆಟ್ ಇಲ್ಲದವರು ಲೆಕ್ಕಕ್ಕಿಲ್ಲ. ಎರಡು, ಹೊರಟವರ ಲೆಕ್ಕ ಇದೆ, ಇಳಿದವರ ಲೆಕ್ಕ ಇಲ್ಲ. ಸುಗ್ಗಿ ಮುಗಿಸಿ ಯುಗಾದಿಗೆ ಊರಿಗೆ ಬರೋ ನಮ್ಮ ಜನ ಆಸ್ಪರಿಯಲ್ಲೋ ಆದೋನಿಯಲ್ಲೋ ಇಳಿದರೆ ಅವರ ಟಿಕೆಟ್ ಗುಂಟೂರು ಕಡೆಯ ಲೆಕ್ಕಕ್ಕೆ ಸೇರುತ್ತೆ. ಮೂರು, ಹತ್ತಿರದ ಚಿಕ್ಕ ಸ್ಟೇಷನ್ ಬಿಟ್ಟು ನಾವು ದೊಡ್ಡ ಸ್ಟೇಷನ್ನಿಗೆ ಗಾಡಿ ಮಾಡಿಕೊಂಡು ಹೋಗ್ತೀವಿ. ಯಾಕಂದ್ರೆ ಚಿಕ್ಕದರಲ್ಲಿ ದೂರದ ರೈಲು ನಿಲ್ಲಲ್ಲ. ರೈಲು ಯಾಕೆ ನಿಲ್ಲಲ್ಲ ಅಂದರೆ ಅಲ್ಲಿ ಹತ್ತೋರಿಲ್ಲ. ಹತ್ತೋರು ಯಾಕಿಲ್ಲ ಅಂದರೆ ರೈಲು ನಿಲ್ಲಲ್ಲ. ಗಾಣದ ಎತ್ತಿನ ಹಾಗೆ ಇದು ಸುತ್ತಿದ್ದೇ ಸುತ್ತುತ್ತೆ.

ನಾಲ್ಕನೆಯದು ನಮ್ಮ ಗಡಿಯ ಕತೆ. ಮದ್ರಾಸಿನಿಂದ ಬಂದ ಹಳಿ, ಬೊಂಬಾಯಿಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆಗ ಆದೋನಿ, ಆಲೂರು, ಬಳ್ಳಾರಿ ಎಲ್ಲಾ ಒಂದೇ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಹೋಯಿತು. ಮಾತು ಕನ್ನಡ, ಆಫೀಸು ತೆಲುಗು, ಸಂತೆ, ಆಸ್ಪತ್ರೆ, ಕಾಲೇಜಿಗೆ ಬಳ್ಳಾರಿ. ಇದು ನಿಮಗೆ ಗೊತ್ತಿರೋದೇ. ರೈಲಿನಲ್ಲೂ ಹಾಗೇ. ಆಸ್ಪರಿ, ಆದೋನಿ ಗುಂತಕಲ್ ವಿಭಾಗ. ಬಳ್ಳಾರಿ ಸ್ಟೇಷನ್ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗ. ಹಾಲಹರವಿಯವರು ಬಳ್ಳಾರಿಯಲ್ಲಿ ರೈಲು ಹತ್ತಿದರೆ ಬೇರೆ ವಿಭಾಗದಲ್ಲಿ, ಬೇರೆ ರಾಜ್ಯದ ಸ್ಟೇಷನ್ನಿನಲ್ಲಿ ಲೆಕ್ಕ. ಗುಂತಕಲ್ಲಿನ ಆಫೀಸಿನಲ್ಲಿ ಕೂತವರ ಕಾಗದದಲ್ಲಿ ನಮ್ಮ ಮಂಡಲದ ಜನ ಕಾಣೋದೇ ಇಲ್ಲ. ತಪ್ಪು ಅವರದಂತ ಅಲ್ಲ. ಅವರ ಮುಂದಿರೋ ಕಾಗದದಲ್ಲಿ ನಾವಿಲ್ಲ, ಅಷ್ಟೆ.

ಈಗ ಸಂಖ್ಯೆ ಹೇಗೆ ಏರಿಳೀತು ನೋಡೋಣ. ನಮ್ಮ ಹತ್ತಿರದ ಸ್ಟೇಷನ್ನುಗಳ ಅಂಕಿ ನಾವು ಕೇಳಿ ತರಿಸಬೇಕು, ಆ ಮಾತಿಗೆ ಆಮೇಲೆ ಬರ್ತೀನಿ. ಇಡೀ ದೇಶದ್ದು ಹೇಳ್ತೀನಿ. 2019-20ರಲ್ಲಿ ಭಾರತದ ರೈಲುಗಳಲ್ಲಿ ಸುಮಾರು 808 ಕೋಟಿ ಪ್ರಯಾಣ ಆಗಿದ್ದವು. ಕೊರೊನಾ ಬಂತು. 2020ರ ಮಾರ್ಚಿನಲ್ಲಿ ಪ್ರಯಾಣಿಕರ ರೈಲು ಎಲ್ಲಾ ನಿಂತವು. 2020-21ರಲ್ಲಿ ಅದು 125 ಕೋಟಿಗೆ ಬಿತ್ತು. ಆಮೇಲೆ ಏರುತ್ತಾ 2023-24ಕ್ಕೆ ಸುಮಾರು 690 ಕೋಟಿ. ನಾಲ್ಕು ವರ್ಷ ಆದರೂ ಹಳೇ ಸಂಖ್ಯೆಗೆ ನೂರು ಕೋಟಿಗೂ ಮೇಲೆ ಕಡಿಮೆ. ಆ ಬಾರದೇ ಉಳಿದವರು ಯಾರು? ಎಸಿ ಬೋಗಿಯವರಲ್ಲ ಅಂತ ನನ್ನ ಅನುಮಾನ. ಯಾಕೆ ಅನ್ನೋದಕ್ಕೆ ಟಿಕೆಟ್ ದರ ನೋಡಿ.

ಕೊರೊನಾಕ್ಕೆ ಮೊದಲು ಪ್ಯಾಸೆಂಜರ್ ರೈಲಿನಲ್ಲಿ ಕನಿಷ್ಠ ಟಿಕೆಟ್ 10 ರೂಪಾಯಿ. ಆಮೇಲೆ ಪ್ಯಾಸೆಂಜರ್ ರೈಲುಗಳನ್ನು ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರು ಮಾಡಿ ಓಡಿಸಿದರು. ಅದೇ ರೈಲು, ಅದೇ ಮರದ ಹಲಗೆ, ಅದೇ ನಿಧಾನ. ಕನಿಷ್ಠ ಟಿಕೆಟ್ 30 ರೂಪಾಯಿ. ಗಂಡ ಹೆಂಡತಿ, ಮೂರು ಜನ ದೊಡ್ಡ ಮಕ್ಕಳು ಹೊರಟರೆ 50 ರೂಪಾಯಿ ಆಗ್ತಿದ್ದ ಕಡೆ 150. ಬರೋಕೆ ಮತ್ತೆ 150. ಷೇರ್ ಆಟೊದವನು ಮನೆ ಮುಂದೆ ಹತ್ತಿಸಿಕೊಂಡು ಅದಕ್ಕಿಂತ ಕಡಿಮೆಗೆ ಬಿಡ್ತಾನೆ ಅಂದರೆ ಯಾರು ರೈಲಿಗೆ ಕಾಯ್ತಾರೆ? 2024ರ ಫೆಬ್ರವರಿ ಕೊನೆಗೆ ಮತ್ತೆ 10 ರೂಪಾಯಿಗೆ ಇಳಿಸಿದರು. ಆದರೆ ನಾಲ್ಕು ವರ್ಷದಲ್ಲಿ ಜನಕ್ಕೆ ಬೇರೆ ದಾರಿ ರೂಢಿ ಆಗಿಬಿಟ್ಟಿತ್ತು. ಮುಚ್ಚಿದ ಅಂಗಡಿ ಮತ್ತೆ ತೆಗೆದ ತಕ್ಷಣ ಹಳೇ ಗಿರಾಕಿ ಬರ್ತಾರಾ? ದರ ಇಳಿದದ್ದು ಗೊತ್ತೇ ಇಲ್ಲದವರು ಈಗಲೂ ನಮ್ಮ ಕೇರಿಯಲ್ಲಿದ್ದಾರೆ. ಈಗ ನನ್ನ ಮಾತು ಕೇಳಿ ಪಕ್ಕದವರ ಮುಖ ನೋಡಿದರಲ್ಲ, ಅವರೇ!

ಎಲ್ಲಾ ತಪ್ಪೂ ರೈಲಿನ ಮೇಲೆ ಹಾಕೋದೂ ನ್ಯಾಯ ಅಲ್ಲ. ರಸ್ತೆ ಆಗಿದೆ. ನಮ್ಮ ಹುಡುಗರ ಹತ್ತಿರ ಬೈಕ್ ಇದೆ, ಕಂತು ಕಟ್ತಾ ಇದ್ದಾರೆ. ಹೆಂಗಸರಿಗೆ ಬಸ್ ಫ್ರೀ ಆಗಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ನಮ್ಮ ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ. ರೈಲಿಗೆ ಹೋಗ್ತಿದ್ದ ಅಕ್ಕಂದಿರು ಬಸ್ಸಿಗೆ ತಿರುಗೋದು ಸಹಜ. ಆದರೆ ಗಡಿಯವರ ಹಣೆಬರಹ ಇಲ್ಲೂ ಬಿಡಲ್ಲ. ಆಲೂರಿಗೆ, ಆದೋನಿಗೆ ಹೋದರೆ ಫ್ರೀ. ಬಳ್ಳಾರಿಗೆ ಹೊರಟರೆ ಅದು ಅಂತರರಾಜ್ಯ ಬಸ್, ಆಂಧ್ರದ ಫ್ರೀ ನಡೆಯಲ್ಲ. ಕರ್ನಾಟಕದ ಬಸ್ ಹತ್ತಿದರೆ ಆಧಾರ್ ನೋಡಿ "ಅಮ್ಮ, ನೀವು ಆಂಧ್ರದವರು" ಅಂತಾರೆ.

ಆ ಫ್ರೀ ಬಸ್ಸಿನಲ್ಲಿ ಒಂದು ವಿಷಯ ಗಮನಿಸಿದ್ದೀರಾ? ದುಡ್ಡು ತಗೊಳ್ಳಲ್ಲ, ಆದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡ್ತಾರೆ. ಸೊನ್ನೆ ರೂಪಾಯಿ ಟಿಕೆಟ್. ಯಾಕೆ? ಎಷ್ಟು ಜನ ಹೆಂಗಸರು ಹೋದರು ಅನ್ನೋ ಲೆಕ್ಕ ತೋರಿಸಿದರೇನೇ ಸರ್ಕಾರದಿಂದ ಬಸ್ಸಿನವರಿಗೆ ದುಡ್ಡು. ಅಂದರೆ ದುಡ್ಡು ಕೊಡದೇ ಇರೋರೂ ಅಲ್ಲಿ ಲೆಕ್ಕಕ್ಕೆ ಇದ್ದಾರೆ. ರೈಲಿನಲ್ಲಿ ನಮ್ಮವ್ವ ದುಡ್ಡು ಕೊಟ್ಟಿದ್ದಳು, ಆದರೂ ಲೆಕ್ಕಕ್ಕೆ ಇರಲಿಲ್ಲ. ಕೈಯಲ್ಲಿ ಟಿಕೆಟ್ ಇರೋದಕ್ಕೂ ಇಲ್ಲದೇ ಇರೋದಕ್ಕೂ ವ್ಯತ್ಯಾಸ ಇದು.

ಬಾಬಾಸಾಹೇಬರನ್ನು ಬಿಟ್ಟು ಮಾತಾಡಿದೆ ಅಂತ ಬೇಜಾರಾಗಬೇಡಿ. ಅವರ ಬಾಳಿನಲ್ಲೂ ಒಂದು ರೈಲ್ವೆ ಸ್ಟೇಷನ್ ಇದೆ. ವೀಸಾಗಾಗಿ ಕಾಯುತ್ತಾ ಅನ್ನೋ ಅವರ ಆತ್ಮಕಥನದ ಬರಹದಲ್ಲಿ ಅದು ಬರುತ್ತೆ. 1901ರ ಬೇಸಿಗೆ. ಇನ್ನೂ ಚಿಕ್ಕ ಹುಡುಗ. ಅಣ್ಣನ ಜೊತೆ ಸಾತಾರಾದಿಂದ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು, ದೂರದ ಊರಿನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನು ನೋಡೋಕೆ. ಒಳ್ಳೇ ಬಟ್ಟೆ ಹಾಕಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ಟರ್ ಪ್ರೀತಿಯಿಂದಲೇ ಮಾತಾಡಿಸಿದ. ನಾವು ಮಹಾರರು ಅಂದ ತಕ್ಷಣ ಮುಖ ಬದಲಾಯಿತು, ದೂರ ಹೋದ. ಎರಡರಷ್ಟು ಬಾಡಿಗೆ ಕೊಡ್ತೀವಿ ಅಂದರೂ ಗಾಡಿ ಹೊಡೆಯೋರು ಒಪ್ಪಲಿಲ್ಲ. ಕೊನೆಗೆ ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವನು ಪಕ್ಕ ನಡೆದು ಬರ್ತಾನೆ ಅನ್ನೋ ಮಾತಿನ ಮೇಲೆ ಹೊರಟರು.

ಇದನ್ನು ಓದುವಾಗ ನನಗೆ ಹೊಳೆದದ್ದು ಒಂದು. ರೈಲು ಅವರಿಗೆ ಟಿಕೆಟ್ ಕೊಟ್ಟಿತ್ತು. ಬೋಗಿಯಲ್ಲಿ ಜಾಗ ಕೊಟ್ಟಿತ್ತು. ಕಷ್ಟ ಶುರು ಆಗಿದ್ದು ರೈಲು ಇಳಿದ ಮೇಲೆ. ಊರಿನ ಗಾಡಿಗೆ ಜಾತಿ ಬೇಕಾಗಿತ್ತು, ರೈಲಿಗೆ ಬೇಕಾಗಿರಲಿಲ್ಲ. ನಮ್ಮ ಅಜ್ಜಂದಿರು ಹೋಟೆಲಿನಲ್ಲಿ ಬೇರೆ ಲೋಟ ಹಿಡಿದ ಕಾಲದಲ್ಲೂ ಪ್ಯಾಸೆಂಜರ್ ರೈಲಿನ ಹಲಗೆ ಮೇಲೆ ಎಲ್ಲರ ಜೊತೆ ಕೂತಿದ್ದರು. ಅದಕ್ಕೇ ನಾನು ಅನ್ನೋದು, ಚಿಕ್ಕ ಸ್ಟೇಷನ್ನಿನಲ್ಲಿ ಒಂದು ಪ್ಯಾಸೆಂಜರ್ ರೈಲು ನಿಲ್ಲೋದು ನಿಂತುಹೋದರೆ ಕಾರಿನವರಿಗೆ ಏನೂ ಆಗಲ್ಲ. ನಷ್ಟ ಆಗೋದು ಕೂಲಿಗೆ ಹೋಗೋರಿಗೆ, ಕಾಲೇಜಿಗೆ ಹೋಗೋ ನಮ್ಮ ಹುಡುಗಿಯರಿಗೆ, ಆಸ್ಪತ್ರೆಗೆ ಹೋಗೋ ಮುದುಕರಿಗೆ. ಅದನ್ನು ಉಳಿಸಿಕೊಳ್ಳೋ ಕೆಲಸವೂ ನಮ್ಮದೇ.

ಬ್ರಿಟನ್ನಿನಲ್ಲಿ ಪ್ರತಿ ವರ್ಷ ಪ್ರತಿಯೊಂದು ಸ್ಟೇಷನ್ನಿನ ಸಂಖ್ಯೆ ಎಲ್ಲರಿಗೂ ಕಾಣೋ ಹಾಗೆ ಹೊರಗಿಡ್ತಾರೆ. ವರ್ಷಕ್ಕೆ ನೂರು ಜನವೂ ಬಾರದ ಸ್ಟೇಷನ್ ಕೂಡ ಆ ಪಟ್ಟಿಯಲ್ಲಿರುತ್ತೆ. ಅದೂ ಹೆಚ್ಚಾಗಿ ಟಿಕೆಟ್ ಮೇಲಿನ ಅಂದಾಜೇ ಅಂತ ಅವರೇ ಹೇಳಿಕೊಳ್ತಾರೆ. ಇಲ್ಲಿ ಆ ಸಂಖ್ಯೆ ಬೇಕು ಅಂದರೆ ನಾವು ಕೇಳಬೇಕು. ಕೇಳೋ ಹಕ್ಕು ನಮಗಿದೆ. ಆದ್ದರಿಂದ ನಾಲ್ಕು ಕೆಲಸ ಹೇಳಿ ನನ್ನ ಮಾತು ಮುಗಿಸ್ತೀನಿ.

ಮೊದಲನೆಯದು, ಟಿಕೆಟ್ ನಮ್ಮ ನಮ್ಮ ಕೈಯಲ್ಲಿರಲಿ. ಮೇಸ್ತ್ರಿ ಜೇಬಲ್ಲಿ ಬೇಡ. ಗುಂಪಾಗಿ ತೆಗೆಸಿದರೂ ಎಷ್ಟು ಜನಕ್ಕೆ ಅಂತ ಟಿಕೆಟ್ ಮೇಲೆ ಬರೆದಿರುತ್ತೆ. ಓದೋಕೆ ಬರೋ ಒಬ್ಬರು ನೋಡಿ ಜೋರಾಗಿ ಎಲ್ಲರಿಗೂ ಹೇಳಲಿ. ನಾನು ಅವತ್ತು ಮಾಡದೇ ಬಿಟ್ಟ ಕೆಲಸ ಇದೇ.

ಎರಡನೆಯದು, ಹತ್ತಿರದ ಸ್ಟೇಷನ್ನಿನಲ್ಲಿ ರೈಲು ನಿಲ್ಲೋದಾದರೆ ಅಲ್ಲೇ ಹತ್ತಿ, ಅಲ್ಲಿಂದಲೇ ಟಿಕೆಟ್ ತಗೊಳ್ಳಿ. ಜನರಲ್ ಟಿಕೆಟ್ ಈಗ ಫೋನಿನಲ್ಲೂ ತೆಗೀಬಹುದು. ಸಂಘದ ಹುಡುಗರು ದೊಡ್ಡವರಿಗೆ ತೆಗೆದುಕೊಡಿ. ಹೊರಡೋ ಸ್ಟೇಷನ್ ಹೆಸರು ಸರಿಯಾಗಿ ಹಾಕಿ.

ಮೂರನೆಯದು, ಮಾಹಿತಿ ಹಕ್ಕು. 2005ರ ಕಾಯ್ದೆ. ಫೀಸು 10 ರೂಪಾಯಿ, ಒಂದು ಪ್ಯಾಸೆಂಜರ್ ಟಿಕೆಟ್ಟಿನಷ್ಟೆ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ, ಸರ್ಟಿಫಿಕೇಟ್ ಲಗತ್ತಿಸಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಗುಂತಕಲ್ ವಿಭಾಗದ ಆಫೀಸಿಗೆ ಬರೆಯೋಣ. ಆಸ್ಪರಿ, ಮೊಲಗವಳ್ಳಿ ಸ್ಟೇಷನ್ನುಗಳಲ್ಲಿ 2019-20ರಿಂದ ಇಲ್ಲಿಯ ತನಕ ತಿಂಗಳುವಾರು ಎಷ್ಟು ಟಿಕೆಟ್ ಮಾರಿದ್ದೀರಿ, ಎಷ್ಟು ಪ್ರಯಾಣಿಕರು, ಎಷ್ಟು ವರಮಾನ, ಕೊರೊನಾಕ್ಕೆ ಮೊದಲು ನಿಲ್ಲುತ್ತಿದ್ದ ರೈಲು ಯಾವುವು, ಈಗ ನಿಲ್ಲೋವು ಯಾವುವು? ಇಷ್ಟೇ ಪ್ರಶ್ನೆ. ಅರ್ಜಿ ನಾನು ಬರೀತೀನಿ, ಸಹಿ ಹಾಕೋರು ಮುಂದೆ ಬನ್ನಿ.

ನಾಲ್ಕನೆಯದು, ನಮ್ಮದೇ ಒಂದು ಪುಸ್ತಕ. ಸಂಘದ ರೂಮಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಡೋಣ. ಸುಗ್ಗಿಗೆ, ಬಿಲ್ಡಿಂಗ್ ಕೆಲಸಕ್ಕೆ ಯಾರು ಹೋದರು, ಯಾವ ತಾರೀಖು, ಯಾವ ಸ್ಟೇಷನ್ನಿನಿಂದ, ಯಾವ ಊರಿಗೆ, ಯಾವ ಮೇಸ್ತ್ರಿ, ಜೊತೆಗೆ ಮಕ್ಕಳು ಎಷ್ಟು, ಫೋನ್ ನಂಬರ್ ಏನು. ಸ್ಟಾಪ್ ಕೇಳೋಕೆ ಹೋದಾಗ ಇದೇ ನಮ್ಮ ಸಾಕ್ಷಿ. ನಿಮ್ಮ ಟಿಕೆಟ್ ಲೆಕ್ಕ ಇಷ್ಟು, ನಮ್ಮ ಜನರ ಲೆಕ್ಕ ಇಷ್ಟು ಅಂತ ಎರಡನ್ನೂ ಪಕ್ಕ ಪಕ್ಕ ಇಡಬಹುದು. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಅಲ್ಲಿ ಕೂಲಿ ಕೊಡಲಿಲ್ಲ, ಗಾಡಿ ಉರುಳಿತು, ಮಗುವಿಗೆ ಜ್ವರ ಬಂತು ಅಂದರೆ ಯಾರು ಎಲ್ಲಿದ್ದಾರೆ ಅಂತ ಊರಿಗೆ ಗೊತ್ತಿರುತ್ತೆ. ಯಾವ ಮಗು ಸ್ಕೂಲು ಬಿಟ್ಟು ಹೋಯಿತು ಅಂತ ಮೇಷ್ಟ್ರಿಗೂ ಹೇಳಬಹುದು.

ಒಬ್ಬ ಅಣ್ಣ ನನ್ನ ಹತ್ತಿರ ಅಂದರು, "ತಮ್ಮಾ, ಸುಗ್ಗಿಗೆ ಹೋಗೋದೇ ನಿಲ್ಲಬೇಕು ಅಂತ ಹೇಳೋದು ಬಿಟ್ಟು ಹೋಗೋಕೆ ಟಿಕೆಟ್ ತಗೋ ಅಂತೀಯಲ್ಲ?" ಒಳ್ಳೇ ಪ್ರಶ್ನೆ. ನೀರು ಬರಬೇಕು, ಇಲ್ಲೇ ಕೆಲಸ ಸಿಗಬೇಕು, ಉಪಾಧಿ ಕೆಲಸದ ದುಡ್ಡು ಹೊತ್ತಿಗೆ ಸರಿಯಾಗಿ ಬರಬೇಕು. ಅದಕ್ಕೆ ಹೋರಾಟ ಬೇರೆ ಇದೆ, ಅದರಲ್ಲೂ ನಾನಿದ್ದೀನಿ. ಆದರೆ ಅಣ್ಣ, ಆ ಹೋರಾಟಕ್ಕೂ ಮೊದಲು ಕೇಳೋದು ಎಷ್ಟು ಜನ ವಲಸೆ ಹೋಗ್ತೀರಿ ಅಂತಾನೇ. ಆಗ ನಾವು ಅಂದಾಜು ಹೇಳಬಾರದು, ಪುಸ್ತಕ ತೆಗೆದು ತೋರಿಸಬೇಕು.

ಮುಂದಿನ ಸುಗ್ಗಿಗೆ ಹೊರಡೋ ಹೊತ್ತಿಗೆ ಆ ಪುಸ್ತಕ ತಯಾರಿರಲಿ. ಮೊದಲನೇ ಹೆಸರು ನಮ್ಮವ್ವಂದು, ನಾನೇ ಬರೀತೀನಿ. ಎರಡನೆಯದು ಯಾರದು ಅಂತ ಕಾರ್ಯಕ್ರಮ ಮುಗಿದ ಮೇಲೆ ಬಂದು ಹೇಳಿ.